ಪರದೆಯಾಚೆ ಕರೆದ ಹಾಲು

ಹಾಲು ಕರೆಯುವಾಗ ಹೊರಗಿನವರು ನೋಡಿದರೆ ದೃಷ್ಟಿಯಾಗುತ್ತದೆ ಎಂಬುದು ನನ್ನ ಅತ್ತೆ ಮಲ್ಲಿಕಾಂಬ ಅವರ ಕಾನೂನು. ಬುಕ್ಕಾಂಬುಧಿಯ ನಮ್ಮ ಕೊಟ್ಟಿಗೆಗೆ ಅವರು ಹಳೇ ಸೀರೆಯ ಪರದೆ ಕಟ್ಟಿದ್ದಾರೆ. ಮದುವೆಯಾದ ಹೊಸದರಲ್ಲಿ ನನ್ನನ್ನೂ ಒಳಗೆ ಬಿಟ್ಟಿರಲಿಲ್ಲ. ಮನೆಯ ಹಾಲು ಕುಡಿಸಿದ ಮೇಲೆ, “ಈಗ ನಮ್ಮೋಳಾದೆ, ಬಾರೇ ಸಂಗೀತಾ” ಎಂದು ಕರೆದಿದ್ದರು.

ಆ ಹಾಲಿನಿಂದ ನಾನು ತುಪ್ಪ ಮಾಡಿ ಮಾರುತ್ತೇನೆ. ಹೋದ ವರ್ಷ ಹಲಾಲ್ ಪ್ರಮಾಣಪತ್ರದವರು ಬಂದು ಬೆಣ್ಣೆ, ಒಲೆ, ಡಬ್ಬಿ ನೋಡಿ ಒಪ್ಪಿ ಹೋದರು. ಕೊಟ್ಟಿಗೆಯತ್ತ ತಲೆ ಹಾಕಲಿಲ್ಲ. ಈ ವರ್ಷ ಮುಂಬೈಯ ಯಹೂದಿಗಳ ಅಂಗಡಿಯೊಂದು ನಮ್ಮ ತುಪ್ಪ ಕೇಳಿತು. ಅವರಿಗೆ ತಮ್ಮ ಧರ್ಮದ ನಿಯಮದಂತೆ ತಯಾರಾಗಿದೆ ಎಂಬ ಕೋಷರ್ ಮುದ್ರೆ ಬೇಕು. ನನ್ನ ತುಪ್ಪಕ್ಕೆ ಮುಂಬೈ ಯೋಗ ಬಂತೆಂದು ಕುಣಿದುಬಿಟ್ಟೆ.

ಅದರ ಪರಿಶೀಲನೆಗೆ ಬಂದ ಸ್ಯಾಮ್ಸನ್ ಪೇಣ್ಕರ್ ಯಹೂದಿಯೇ, ಹುಬ್ಬಳ್ಳಿಯಲ್ಲಿ ಬಹಳ ವರ್ಷ ಇದ್ದವರು. ಬಕೆಟ್ಟು, ಬಾಣಲೆಗಳನ್ನೆಲ್ಲ ಕುದಿನೀರಿನಲ್ಲಿ ಅದ್ದಿಸಿದರು. ಅತ್ತೆ ಕೊಟ್ಟ ಹಾಲನ್ನು ಮಾತ್ರ ಮುಟ್ಟಲಿಲ್ಲ.

“ಕರಿಯೂದನ್ನ ಕಣ್ಣಾರೆ ನೋಡದ ಹಾಲು ನಾ ಕುಡಿಯೂದಿಲ್ರೀ ಅಮ್ಮಾರ. ಅದರ ತುಪ್ಪಕ್ಕ ಮುದ್ರೆನೂ ಹಾಕೂದಿಲ್ಲ.”

“ನಮ್ಮನೆ ಹಾಲು ಕುಡೀದೋರನ್ನ ನಾನು ಕೊಟ್ಗೆಗೆ ಬಿಡಲ್ಲ ಕಣಪ್ಪ.”

ಸಂಜೆ ಅತ್ತೆ ಪರದೆಯ ಆಚೆ ಹಾಲು ಕರೆದರು, ಪೇಣ್ಕರ್ ಈಚೆ ನಿಂತರು. ಚೊರ್ ಚೊರ್ ಸದ್ದು ಚೆನ್ನಾಗಿಯೇ ಕೇಳಿಸಿತು. ಆದರೆ ಅವರಿಗೆ ಕೇಳಿಸಿದರೆ ಸಾಲದಂತೆ, ಕಾಣಬೇಕಂತೆ. ಬೆಳಿಗ್ಗೆ ಬಸ್ಸಿಗೆ ಹೊರಡುತ್ತೇನೆ ಎಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅತ್ತೆಯ ಮೇಲೆ ಹೆಚ್ಚು, ಯಾಕೆಂದರೆ ಅವರು ನನ್ನವರು.

ಬೆಳಿಗ್ಗೆ ಅತ್ತೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಜಗುಲಿಗೆ ಬಂದರು. ಅಲ್ಲಿ ಪೇಣ್ಕರ್ ಎಡಗೈಗೆ ಕರಿ ಪಟ್ಟಿ ಸುತ್ತಿ, ಹಣೆಗೆ ಪುಟ್ಟ ಪೆಟ್ಟಿಗೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ನಿಂತುಬಿಟ್ಟರು. ಕರುಗಳು ಕೂಗಿದರೂ ಕದಲಲಿಲ್ಲ.

“ಇದಾಗೋವರ್ಗೂ ಏನೂ ತಿನ್ನಲ್ವೇನಪ್ಪಾ?” ಪೇಣ್ಕರ್ ಕಣ್ಣು ಬಿಟ್ಟ ಮೇಲೆ ಅತ್ತೆ ಕೇಳಿದರು.

“ಇಲ್ರೀ.”

“ನಾನೂ ಅಷ್ಟೇಯ.”

ಆಮೇಲೆ ಹೋಗಿ ತಾವೇ ಪರದೆಯ ಗಂಟು ಬಿಚ್ಚಿದರು. “ಬಾ, ನೋಡು. ನೋಡಿದ್ಮೇಲೆ ಕುಡೀಲೇಬೇಕು.”

ಪೇಣ್ಕರ್ ಕಡೆಯ ಹನಿಯವರೆಗೂ ರೆಪ್ಪೆ ಬಡಿಯದೆ ನೋಡಿದರು. ಚೀಲದಿಂದ ತಮ್ಮದೇ ಲೋಟ ತೆಗೆದು, ನೊರೆಹಾಲು ತುಂಬಿಸಿಕೊಂಡು ಕುಡಿದರು. “ತುಪ್ಪ ಆಗೂತನಕಾ ಇಲ್ಲೇ ಇರ್ತೇನ್ರೀ. ಮುದ್ರೆ ಹಾಕೇ ಹೋಗ್ತೇನಿ,” ಎಂದರು. ಮೀಸೆಯ ಮೇಲೆ ನೊರೆ ಹಾಗೇ ಇತ್ತು.

ಅಷ್ಟರಲ್ಲಿ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. ಅವರೆದುರೇ ಹಸುವಿಗೆ ದೃಷ್ಟಿ ತೆಗೆಯುತ್ತಾರಲ್ಲ ಎಂದು ನಾನು ನಾಚಿಕೆಯಿಂದ ಕುಗ್ಗಿದೆ. ಅತ್ತೆ ಹಸುವನ್ನು ದಾಟಿ ಹೋದರು. ಪೇಣ್ಕರ್ ಎದುರು ನಿಂತು ಅವರ ಮುಖಕ್ಕೆ ನಿವಾಳಿಸಿದರು.

“ನಿನ್ನೆಯಿಂದ ಊರೆಲ್ಲ ಇವನ್ನೇ ನೋಡ್ತೈತೆ,” ಎಂದು ನನಗೆ ಹೇಳಿದರು. “ಮನೆ ಹುಡುಗ, ದೃಷ್ಟಿ ಆಗ್ಬಾರ್ದು ಕಣೇ.”