ಎಲ್ಲ ನಮ್ಮದೇ

ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ದೇಯಿಯ ಅಂಗಡಿ. ಹರಿದ ರೇಷ್ಮೆಗೆ ರಫು ಹಾಕುವುದು, ಸೀರೆ ಪಾಲಿಶ್ ಮಾಡುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಏಪ್ರಿಲ್ ತಿಂಗಳು, ದಿನ ಬಿಟ್ಟು ದಿನ ನೀರು. ಮೇಲಿನ ಮಾಳಿಗೆಯ ಖಾಲಿ ಕೋಣೆಯಲ್ಲಿ ಯಾರೋ ನಲ್ಲಿ ತಿರುಗಿಸಿ ನೋಡಿ, ನೀರು ಬಾರದ್ದಕ್ಕೆ ಹಾಗೇ ಬಿಟ್ಟು ಹೋಗಿದ್ದರು. ಶನಿವಾರ ಸಂಜೆ ನೀರು ಬಂತು. ಭಾನುವಾರ ಅಂಗಡಿಗೆ ರಜೆ. ಸೋಮವಾರ ಬೆಳಿಗ್ಗೆ ದೇಯಿ ಬಾಗಿಲು ತೆಗೆದರೆ ಕಪಾಟಿನ ಒಳಗಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಆ ಕೆಂಪು ಬಣ್ಣ ಮಟಿಲ್ಡಾ ಬಾಯಮ್ಮನ ಸಾಡೊದ್ದು. ಸಾಡೊ ಅಂದರೆ ಕೊಂಕಣಿ ಕ್ರೈಸ್ತರ ಮದುವೆಯ ಕೆಂಪು ಸೀರೆ. ಬಾಯಮ್ಮ ಉಟ್ಟದ್ದು, ಆಮೇಲೆ ಮಗಳು ಲವಿನಾ ಉಟ್ಟದ್ದು, ಈ ಗುರುವಾರ ಮೊಮ್ಮಗಳು ಎಲೇನ್ ಉಡಬೇಕಾದದ್ದು. ಅದರ ಬಣ್ಣ ಬಿಟ್ಟು ಕೆಳಗಿನ ಹದಿನೇಳು ಸೀರೆಗೂ ಇಳಿದಿತ್ತು. ಅರವತ್ತು ವರ್ಷದ ರೇಷ್ಮೆ, ಎತ್ತಿದಲ್ಲಿ ಬಿರಿಯಿತು.

“ಇನ್ಶೂರೆನ್ಸ್ ಉಂಟಲ್ಲ,” ಎಂದು ದೇಯಿ ತನಗೆ ತಾನೇ ಹೇಳಿಕೊಂಡಳು. ಸೀರೆ ಹೋದರೂ ಒಬ್ಬೊಬ್ಬರ ಮುಂದೆ ತಲೆಯೆತ್ತಿ ನಿಲ್ಲಲಿಕ್ಕೆ ಅಷ್ಟಾದರೂ ಆದೀತು.

ಮಂಗಳವಾರ ಇನ್ಶೂರೆನ್ಸಿನ ಸರ್ವೇಯರ್ ರವೂಫ್ ಬಂದ. ನೆಲದ ತುಂಬ ಹರಡಿದ್ದ ಸೀರೆಗಳನ್ನು ಕಂಡು, ಯಾರೂ ಹೇಳದೆಯೇ ಬೂಟು ಬಿಚ್ಚಿ ಹೊರಗಿಟ್ಟು, ಬರಿಗಾಲಲ್ಲಿ ಅಂಚಿನಿಂದ ಅಂಚಿಗೆ ದಾಟಿದ. ಒಂದೊಂದು ಸೀರೆಯ ಮೂಲೆಯಲ್ಲೂ ಗಿರಾಕಿಯ ಹೆಸರು ಬರೆದ ಬಿಳಿ ಪಟ್ಟಿ ಇತ್ತು.

“ಅಕ್ಕ, ಇದರಲ್ಲಿ ನಿಮ್ಮದು ಯಾವುದು?”

“ನನ್ನದು ಒಂದೂ ಇಲ್ಲ ಸರ್.”

“ಒಂದೆರಡಾದ್ರೂ?”

“ನನ್ನ ಸೀರೆ ಮನೆಯಲ್ಲಿ ಒಣಗ್ತಾ ಉಂಟು. ಅದಕ್ಕೆ ಪಾಲಿಶ್ ಯಾರು ಮಾಡ್ತಾರೆ?”

ರವೂಫ್ ನಗಲಿಲ್ಲ. ಪಾಲಿಸಿಯ ಹಾಳೆಗಳನ್ನು ಒಮ್ಮೆ ಓದಿದ, ಎಲ್ಲಾದರೂ ಒಂದು ಸಾಲು ಸಿಕ್ಕೀತೇ ಎಂಬಂತೆ ಇನ್ನೊಮ್ಮೆ ಓದಿದ. “ಇದು ನಿಮ್ಮ ಸ್ವಂತ ಸಾಮಾನಿಗೆ ಮಾತ್ರ ಅಕ್ಕ. ಗಿರಾಕಿಗಳು ನಂಬಿ ಬಿಟ್ಟುಹೋದದ್ದಕ್ಕೆ ಬೇರೆಯೇ ಕವರ್ ಉಂಟು. ಅದನ್ನು ಕೇಳಿ ಬರೆಸಬೇಕಿತ್ತು. ಇದರಲ್ಲಿ ನಿಮ್ಮ ಇಸ್ತ್ರಿ ಮೇಜಿಗೆ ಮಾತ್ರ ದುಡ್ಡು ಸಿಗ್ತದೆ.”

“ನಾನು ಬರೆಸಿದ್ದೇನಲ್ಲ! ಆ ಗ್ಲೆನ್ ಇಲ್ಲೇ ಕೂತು ಬರೆದದ್ದು.”

ಬರೆದದ್ದೇನೋ ಹೌದು. ಆರು ವರ್ಷದ ಹಿಂದೆ ಏಜೆಂಟ್ ಗ್ಲೆನ್ ಫಾರ್ಮ್ ಹಿಡಿದು, “ಸಾಮಾನೆಲ್ಲ ಯಾರದ್ದು ಅಕ್ಕ?” ಎಂದು ಕೇಳಿದ್ದ. ಎದುರಿಗೆ ಇಬ್ಬರು ಗಿರಾಕಿಗಳು ನಿಂತಿದ್ದರು. ದೇಯಿ ಅವರತ್ತಲೂ ಕೈ ಬೀಸಿ, “ಎಲ್ಲ ನಮ್ಮದೇ ಮಾರಾಯ, ಬರಿ,” ಎಂದಿದ್ದಳು. ಮನೆಮಾತು ತುಳು. ತುಳುವಿನಲ್ಲಿ ಎದುರಿನವರನ್ನು ಬಿಟ್ಟು ನಾವು ಎನ್ನಬೇಕಾದರೆ ‘ಎಂಕುಲು’. ಅವರನ್ನೂ ಸೇರಿಸಿಕೊಂಡರೆ ‘ನಮ’. ಅವಳು ಆಡಿದ್ದು ಕನ್ನಡ, ಮನಸ್ಸಿನಲ್ಲಿದ್ದದ್ದು ‘ನಮ’ – ನನ್ನದೂ ನಿಮ್ಮದೂ ಇಲ್ಲಿ ನಿಂತವರದ್ದೂ ಎಂದು. ಗ್ಲೆನ್‌ನ ಮನೆಮಾತು ಕೊಂಕಣಿ, ಅದರಲ್ಲಿ ಈ ಭೇದ ಇಲ್ಲ. ಅವನು ಕೇಳಿಸಿಕೊಂಡಂತೆ ‘ಸ್ವಂತ’ ಎಂದು ಬರೆದ.

ದೇಯಿ ಹೇಳಿದ್ದನ್ನೆಲ್ಲ ಕೇಳಿ, “ಅದನ್ನು ಈಗ ರಿಪೋರ್ಟಿನಲ್ಲಿ ಹೇಗೆ ಬರೆಯುವುದು ಹೇಳಿ,” ಎಂದ ರವೂಫ್. ಹೋಗುವಾಗ ಬಾಗಿಲಲ್ಲಿ ಸುಮಾರು ಹೊತ್ತು ನಿಂತು ಬೂಟು ಹಾಕಿಕೊಂಡ.

ಮಧ್ಯಾಹ್ನ ಬಾಯಮ್ಮ ಲವಿನಾಳ ಕೈ ಹಿಡಿದು ಬಂದರು. ಫೋನಿನಲ್ಲಿ ದೇಯಿ ಅರ್ಧ ಮಾತ್ರ ಹೇಳಿದ್ದಳು.

“ಪಕ್ಕದ ಮಾರ್ಕೆಟಿನಲ್ಲಿ ಮೀನಿಗಾದ್ರೂ ಐಸ್ ಹಾಕಿ ಕಾಯ್ತಾರೆ,” ಎಂದಳು ಲವಿನಾ. “ನಿಮ್ಮ ಹತ್ರ ಕೊಟ್ಟದ್ದು ಮದುವೆ ಸೀರೆ! ಇನ್ಶೂರೆನ್ಸಿನವರು ಎಂತ ಹೇಳಿದ್ರು?”

“ಅದು... ನಿಮ್ಮ ಸೀರೆ ಅದರಲ್ಲಿ ಬರುವುದಿಲ್ಲಂತೆ.”

“ಮತ್ತೆ ಎಂತಕ್ಕೆ ಅದು? ಗೋಡೆಗೆ ಹಚ್ಚಲಿಕ್ಕಾ?”

“ಸುಮ್ಮನಿರು ಲವಿನಾ. ಇವಳು ನಿನ್ನೆಯಿಂದ ಅನ್ನ ಮುಟ್ಟಿದ ಹಾಗೆ ಕಾಣುವುದಿಲ್ಲ,” ಎಂದು ಬಾಯಮ್ಮ ಬಗ್ಗಿ ಸಾಡೊದ ಸೆರಗಿನ ಮೇಲೆ ಕೈಯಾಡಿಸಿದರು. ಜರಿಯ ಒಂದು ಎಳೆ ಬೆರಳಿಗೇ ಬಂತು. “ಸರಿಯಾಗ್ತದಾ ದೇಯಿ?”

ಇಪ್ಪತ್ತೆರಡು ವರ್ಷ ಈ ಪ್ರಶ್ನೆಗೆ ಅವಳದ್ದು ಒಂದೇ ಉತ್ತರ. ನಾಲಗೆ ಅದನ್ನೇ ಹೇಳಲು ಹೊರಟಿತ್ತು. ತಡೆದಳು.

“ಇಲ್ಲ ಬಾಯಮ್ಮ.”

“ಹಾಗಾದ್ರೆ ಹೀಗೇ ಕೊಡು. ಮನೆಗೆ ಹೋಗಲಿ.”

ಮಡಚಿದರೆ ಪುಡಿಯಾಗುತ್ತಿತ್ತು. ದೊಡ್ಡ ರಟ್ಟಿನ ಮೇಲೆ ಹಾಸಿ, ದೇಯಿ ಒಂದು ಕಡೆ, ಲವಿನಾ ಇನ್ನೊಂದು ಕಡೆ ಹಿಡಿದು ರಿಕ್ಷಾದವರೆಗೆ ಹೊತ್ತರು. ರಿಕ್ಷಾದವನು ಇಳಿದು, ಸೀರೆಯಿಂದ ಒದ್ದೆಯಾದ ಸೀಟನ್ನು ನೋಡದವನ ಹಾಗೆ ನಿಂತ. “ಊಟ ಮಾಡು,” ಎಂದರು ಬಾಯಮ್ಮ. ಬೈದಿದ್ದರೆ ದೇಯಿಗೆ ಹಗುರವಾಗುತ್ತಿತ್ತು.

ಒಳಗೆ ಇನ್ನೂ ಹದಿನೇಳು ಪಟ್ಟಿ. ಮೊದಲನೆಯದರಲ್ಲಿ ಹೆಲನ್ ಟೀಚರ್ ಎಂದಿತ್ತು. ದೇಯಿ ನಂಬರ್ ಒತ್ತಿದಳು.

“ಹಾಂ ದೇಯಿ! ರೆಡಿ ಆಯ್ತಾ? ನಾನು ಇಲ್ಲೇ ಆಸ್ಪತ್ರೆ ಹತ್ರ ಇದ್ದೇನೆ. ಐದೇ ನಿಮಿಷ, ನೀನು ಎಲ್ಲಿಗೂ ಹೋಗಬೇಡ,” ಎಂದು, ಇವಳು ಬಾಯಿ ತೆರೆಯುವ ಮೊದಲೇ ಟೀಚರು ಫೋನ್ ಇಟ್ಟರು.