ಫಕೀರಪ್ಪನ ಅಕ್ಕ ಕೇಳಿದ್ದು

ಗುಡ್ಡದ ದಾರಿಯಲ್ಲಿ ಸೈನ್ಯದ ಲಾರಿ ಧೂಳೆಬ್ಬಿಸಿಕೊಂಡು ಬಂದರೆ ಅದರಲ್ಲಿ ಗಾಯಾಳುಗಳಿದ್ದಾರೆಂದು ಅರ್ಥ. ನಿಧಾನವಾಗಿ ಇಳಿದು ಬಂದರೆ ಅದು ನನ್ನ ಕೋಣೆಗೆ. ಗಡಿಯ ಆ ಊರಿನ ಆಸ್ಪತ್ರೆಯಲ್ಲಿ ಶವಪರೀಕ್ಷೆ ನನ್ನ ಪಾಲಿನ ಕೆಲಸವಾಗಿತ್ತು.

ಅಲ್ಲಿ ನಡೆಯುತ್ತಿದ್ದುದು ಯುದ್ಧವಲ್ಲ. ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುವಂಥ ಚಕಮಕಿಗಳು. ತಲೆಗೆ ಗುಂಡು ತಗುಲಿದವರು ಬಿದ್ದಲ್ಲೇ ಮುಗಿದಿರುತ್ತಿದ್ದರು. ನನ್ನನ್ನು ಕಾಡುತ್ತಿದ್ದವರು ಬೇರೆ. ಎದೆಯ ಕವಚ ಮುಗಿಯುವಲ್ಲಿ, ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಒಂದು ಸಣ್ಣ ಗಾಯ. ಮೈಯಲ್ಲಿ ಮಿಕ್ಕಿದ್ದೆಲ್ಲ ನೆಟ್ಟಗೇ ಇರುತ್ತಿತ್ತು. ರಕ್ತ ನಿಲ್ಲದೆ, ಆಸ್ಪತ್ರೆಯ ದಾರಿ ಸಾಗದೆ ಸತ್ತವರು ಅವರು. ಇದನ್ನೆಲ್ಲ ಹೇಳಿಕೊಳ್ಳಲು ನನಗಲ್ಲಿ ಯಾರೂ ಇರಲಿಲ್ಲ. ಹೆಣ ಕೊಯ್ಯುವವನೊಡನೆ ಜನ ಹವಾಮಾನದ ಮಾತಾಡಿ ಮುಂದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಲಾರಿ ಮೆಲ್ಲಗೆ ಬಂತು. ಅದರಲ್ಲಿದ್ದವನು ಫಕೀರಪ್ಪನೆಂಬ ಸಿಪಾಯಿ. ತಾಯಿಯಿಲ್ಲದ ಅವನನ್ನು ಸಾಕಿದ್ದು ಅಕ್ಕ ನೀಲವ್ವ. ದೇಹವನ್ನು ಊರಿಗೇ ಕಳಿಸುತ್ತೇವೆಂದರೂ ಕೇಳದೆ ಆಕೆ ತಾನೇ ಹೊರಟು ಬಂದಳು. ಎದೆಗೆ ಗುಂಡು ಬಿತ್ತು, ಒಂದು ಕ್ಷಣವೂ ನರಳಲಿಲ್ಲ ಎಂದು ಅಧಿಕಾರಿಗಳು ಎಲ್ಲರಿಗೂ ಹೇಳುವಂತೆ ಆಕೆಗೂ ಹೇಳಿದರು. ಆಕೆ ಅಳಲಿಲ್ಲ. ಅವರು ಹೋದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು.

“ಸಾಯೇಬ್ರ, ಅಂವಾ ಸಣ್ಣಾಂವಿದ್ದಾಗಿಂದ ಒಬ್ಬನ ಮಲಗಾಕ ಅಂಜ್ತಿದ್ದ. ಹಂಗ ಒಮ್ಮಿಂದೊಮ್ಮೆ ಹೋದ್ನಂದ್ರ, ಕಡೀಕ ಅವನ ಹತ್ರ ಯಾರೂ ಇರಲಿಲ್ಲೇನ್ರಿ?”

ಅಧಿಕಾರಿಗಳು ಹೇಳುವುದು ಕರುಣೆಯ ಸುಳ್ಳೆಂದು ಅಲ್ಲಿಯವರೆಗೆ ನಾನೂ ನಂಬಿದ್ದೆ. ಗುಂಡು ತಗುಲಿದ್ದು ತೊಡೆಯ ಸಂದಿಗೆ, ಜೀವ ಹೋಗಲು ಹೊತ್ತು ಹಿಡಿಯಿತು ಎಂದೆ. ಆಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಬಿಗಿದು ಕಟ್ಟಲು ಬಾರದ ಜಾಗ ಅದು. ಆದರೆ ಗಾಯದ ಸುತ್ತ, ಯಾರೋ ಅಂಗೈ ಊರಿ ಒತ್ತಿ ಹಿಡಿದ ಗುರುತು ಕಂದಿ ಉಳಿದಿತ್ತು.

“ಕೊನೆಯ ತನಕ ಒಬ್ಬ ಕೈ ತೆಗೆದಿಲ್ಲಮ್ಮ,” ಎಂದೆ.

“ಎಲ್ಲಿದಾನ ಅಂವಾ?”

ಅದೇ ತುಕಡಿಯ ಮುದ್ದಯ್ಯ. ತಾನು ಸರಿಯಾಗಿ ಒತ್ತಲಿಲ್ಲ, ಅದಕ್ಕೇ ಗೆಳೆಯ ಹೋದ ಎಂದುಕೊಂಡು, ಹೆಣದ ಜೊತೆ ಲಾರಿಯಲ್ಲಿ ಬಂದಾಗಿನಿಂದ ಊಟ ಬಿಟ್ಟು ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಆಕೆಯನ್ನು ಅಲ್ಲಿಗೆ ಕರೆದೊಯ್ದೆ. ಯಾರೆಂದು ತಿಳಿದದ್ದೇ ಅವನು ಎದ್ದು ನಿಂತು, ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ನೀಲವ್ವ ಆ ಕೈಗಳನ್ನು ಮುಂದಕ್ಕೆಳೆದು ಕಣ್ಣಿಗೊತ್ತಿಕೊಂಡಳು. ಆಗ ಅಳು ಬಂತು, ಇಬ್ಬರಿಗೂ.

“ನಿಂದೇನೂ ತಪ್ಪಿಲ್ಲ, ತಮ್ಮಾ. ಅಂವಾ ಒಬ್ಬನ ಹೋಗ್ಲಿಲ್ಲ.”

ದಾರಿಗೆಂದು ಕಟ್ಟಿಕೊಂಡಿದ್ದ ರೊಟ್ಟಿಯ ಗಂಟನ್ನು ಆಕೆ ಕಟ್ಟೆಯ ಮೇಲೆ ಕೂತು ಬಿಚ್ಚಿದಳು. ತಾನೇ ಮುರಿದು ಮುದ್ದಯ್ಯನ ಬಾಯಿಗಿಟ್ಟಳು. ನಾನು ಹಿಂದಿರುಗಲು ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದೆ. ಆಕೆ ನನ್ನತ್ತ ನೋಡುತ್ತ, ತನ್ನ ಪಕ್ಕದ ಕಲ್ಲಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು, ಇನ್ನೊಬ್ಬರು ಕೂರುವಷ್ಟು ಜಾಗ.