ಮಡಿಕೆಗೆ ಸಿಕ್ಕ ಕೈಗಳು

ಮೂರು ತಿಂಗಳಿಗೊಮ್ಮೆ ಬರುವ ನಮ್ಮ ಕಲಾಪತ್ರಿಕೆಗೆ ಈ ಸಲ ಮುನ್ನೂರ ಹನ್ನೆರಡು ಚಿತ್ರಗಳು ಬಂದಿದ್ದವು. ಅರ್ಧಕ್ಕರ್ಧ ನೀಲಿ ಬಾಗಿಲುಗಳು. ನಮ್ಮ ಟ್ಯುನಿಸ್ ನಗರದಲ್ಲಿ ಕುಂಚ ಹಿಡಿದವರಿಗೆಲ್ಲ ಬಾಗಿಲು ಬಿಟ್ಟು ಬೇರೇನೂ ಕಾಣಿಸುವುದಿಲ್ಲವೇ ಎಂದು ತಲೆ ಚಿಟ್ಟು ಹಿಡಿದಿತ್ತು. ಆರಿಸಬೇಕಾದ್ದು ಹದಿನಾರನ್ನು.

ಆ ರಾಶಿಯಲ್ಲಿ ಒಂದೇ ಒಂದು ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಮಹ್ದಿಯಾ ಊರಿನ ದೂಜಾ ಎಂಬ ಮುದುಕಿ ಬರೆದದ್ದು; ಮೊಮ್ಮಗಳ ಫೋನಿನಿಂದ ಅದರ ಫೋಟೊ ಕಳಿಸಿದ್ದಳು. ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಮರಿಗೆಯಲ್ಲಿ ರವೆ ಹೊಸೆದು ಕುಸ್ಕುಸ್ ಕಾಳು ಮಾಡುತ್ತಿದ್ದಾರೆ. ನಟ್ಟನಡುವೆ ನಾಲ್ಕು ಕೈ, ಯಾವುದು ಯಾರದ್ದೆಂದು ತಿಳಿಯದಂತೆ.

ಪತ್ರಿಕೆಯ ಪುಟ ಜೋಡಿಸುವ ಹುಡುಗ ಮುನ್ಸಿಫ್ ಅಳತೆ ನೋಡಿ ಆಗದೆಂದು ತಲೆಯಾಡಿಸಿದ. ಅಷ್ಟು ಅಗಲದ್ದನ್ನು ಒಂದೇ ಪುಟಕ್ಕೆ ಹಾಕಿದರೆ ಬೆಂಕಿಪೊಟ್ಟಣದಷ್ಟಾಗುತ್ತದಂತೆ. ಹಾಗಾದರೆ ಎರಡು ಪುಟಕ್ಕೆ ಹರಡು ಎಂದೆ.

"ಎರಡು ಪುಟ ಸೇರೋ ಮಡಿಕೆ ಸರಿಯಾಗಿ ಕೈಗಳ ಮೇಲೇ ಬೀಳತ್ತೆ ಅಕ್ಕಾ. ನಾಲ್ಕನ್ನೂ ನುಂಗಿ ಹಾಕತ್ತೆ. ಆಮೇಲೆ ನನ್ನನ್ನ ಬಯ್ಯಬೇಡಿ."

ಅಡ್ಡ ತಿರುಗಿಸಿ ಹಾಕು ಎಂದರೆ ಓದುವವರ ಕತ್ತು ನೋಯುತ್ತದೆ ಎಂದ. ಇಡೀ ಮಧ್ಯಾಹ್ನ ಜಗಳವಾಡಿ ಸೋತೆ. ಆ ಜಾಗಕ್ಕೆ ಇನ್ನೊಂದು ನೀಲಿ ಬಾಗಿಲು ಬಂತು; ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತದ್ದು ನೋಡಿ ಮೈಯೆಲ್ಲ ಉರಿಯಿತು. ಬೇಡವಾದವರಿಗೆಲ್ಲ ನಾವು ಕಳಿಸುವುದು ಒಂದೇ ಅಚ್ಚಿನ ಎರಡು ಸಾಲು. ದೂಜಾಗೆ ಮಾತ್ರ ಆ ಸಿಟ್ಟಿನಲ್ಲಿ ನಿಜವನ್ನೇ ಬರೆದೆ: ಬಂದವುಗಳಲ್ಲೆಲ್ಲ ನಿಮ್ಮದೇ ಚೆನ್ನಾಗಿದೆ, ಆದರೆ ಅಗಲ ಹೆಚ್ಚು, ನಡುವಿನ ಮಡಿಕೆಯದೇ ತೊಂದರೆ.

ಹತ್ತು ದಿನಕ್ಕೆ ಒಂದು ಕಟ್ಟು ಬಂತು. ಹಳೆಯ ತಲೆವಸ್ತ್ರದಲ್ಲಿ ಸುತ್ತಿದ ಎರಡು ಕ್ಯಾನ್ವಾಸ್ ತುಂಡುಗಳು. ಚಿತ್ರವನ್ನು ನಡುವೆ ನೇರವಾಗಿ ಕತ್ತರಿಸಿ, ನೂಲು ಬಿಚ್ಚದಿರಲೆಂದು ಎರಡೂ ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದಿದ್ದಳು. ಜೊತೆಗೊಂದು ಚೀಟಿ.

"ಮಗಳೇ, ನಿನ್ನ ತಾಪತ್ರಯ ನಾನೇ ಮುಗಿಸಿದೀನಿ. ಬಲಗಡೆ ಇರೋಳು ನಾನು, ಎಡಗಡೆ ನನ್ನ ತಂಗಿ. ಒಂದಕ್ಕೇ ಜಾಗ ಇದ್ರೆ ಅವಳನ್ನ ಹಾಕು. ಅವಳು ಈಗಿಲ್ಲ, ಅವಳದ್ದೊಂದು ಫೋಟೋನೂ ಇಲ್ಲ."

ಮುನ್ಸಿಫ್ ಎರಡೂ ತುಂಡುಗಳನ್ನು ಮೇಜಿನ ಮೇಲೆ ಕೂಡಿಸಿ ನೋಡಿದ. ಎಷ್ಟು ಒತ್ತಿದರೂ ಕೂಡಲಿಲ್ಲ. ನಡುವಿದ್ದ ನಾಲ್ಕೂ ಕೈಗಳು ಹೊಲಿಗೆಯೊಳಗೆ ಹೋಗಿದ್ದವು. ನಿಜ ಬರೆದೆನೆಂದು ಬೀಗಿದ್ದ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವನು ಎರಡು ನೀಲಿ ಬಾಗಿಲುಗಳನ್ನು ಕಿತ್ತು ಆ ತುಂಡುಗಳಿಗೆ ಅಕ್ಕಪಕ್ಕದ ಪುಟಗಳನ್ನು ಖಾಲಿ ಮಾಡಿದ. ಮಡಿಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ನುಂಗಲು ಅಲ್ಲಿ ಕೈಗಳೇ ಉಳಿದಿರಲಿಲ್ಲ.